ಮನೆಬಾಯಿಗಳ ಸರಾಸರಿ

"ಅಮ್ಮಾ, ಅತ್ತಿಗೆ ಪಾಲು ಕೇಳ್ತಿದ್ದಾರೆ!" ಎಂದು ಮೈದುನ ಮೆಟ್ಟಿಲ ಬುಡದಿಂದಲೇ ಕೂಗಿದ.

ಮಹಡಿಯ ಕೆಲಸದ ಕೋಣೆಯಲ್ಲಿ ಅತ್ತೆ ಯಾರದೋ ಕೆಳದವಡೆಗೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೇಳಲಿ ಬಿಡು. ಮನೆಯಲ್ಲೋ, ಡಬ್ಬಿಯಲ್ಲೋ?" ಎಂದರು.

"ಡಬ್ಬಿಯಲ್ಲಿ."

"ಹಾಗಾದ್ರೆ ಅವಳನ್ನೇ ಮೇಲೆ ಕಳಿಸು. ನೀನು ಹೋಗಿ ಪ್ಲಾಸ್ಟರ್ ಕಲಸು."

ಡಬ್ಬಿ ಎಂದರೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಸದಾ ಗುಂಯ್‌ಗುಡುತ್ತಿರುವ ಸರ್ವರ್. ಈ ಮನೆಯ ಕಸುಬು ಹಲ್ಲು ಮಾಡುವುದು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚನ್ನೋ ಸ್ಕ್ಯಾನನ್ನೋ ಕಳಿಸುತ್ತಾರೆ. ಇವರು ಅದಕ್ಕೆ ತಕ್ಕ ಕ್ಯಾಪ್, ಬ್ರಿಡ್ಜ್, ಪೂರ್ತಿ ಸೆಟ್ಟು ಮಾಡಿಕೊಡುತ್ತಾರೆ. ಸ್ಕ್ಯಾನುಗಳೆಲ್ಲ ಡಬ್ಬಿಯಲ್ಲಿ ಉಳಿಯುತ್ತವೆ. ಒಂದು ಬಾಯಿಯನ್ನೂ ಅಳಿಸಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. "ಇವತ್ತು ಹಾಕಿದ ಕ್ಯಾಪು ಒಂದಲ್ಲ ಒಂದಿನ ಮುರಿಯುತ್ತೆ, ಮುರಿದೋರು ಇಲ್ಲಿಗೇ ಬರ್ತಾರೆ" ಎಂದು ಅವರು ಹೇಳುವುದನ್ನು ಕೇಳಿದರೆ, ಅದು ತಮ್ಮದೇ ಕೆಲಸದ ಬಗ್ಗೆ ಎಂದು ಅನ್ನಿಸುತ್ತಿರಲಿಲ್ಲ. ಹೀಗಾಗಿ ಡಬ್ಬಿಯ ಮುಕ್ಕಾಲು ಭಾಗ ಊರಿನವರ ಬಾಯಿಗಳಿಂದ ತುಂಬಿತ್ತು. ಉಳಿದ ಕಾಲು ಭಾಗಕ್ಕೆ ಅತ್ತೆಯೇ ಕಾವಲು. ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತು. ಹಾಕುವಾಗ ಎಡಗೈ ಅಡ್ಡ ಹಿಡಿದು, ಬಲಗೈಯ ಒಂದೇ ಬೆರಳಲ್ಲಿ ಒತ್ತುತ್ತಿದ್ದರು.

ಸೊಸೆ ಮದುವೆಗೆ ಮುಂಚೆ ಒಂದು ಕಚೇರಿಯಲ್ಲಿ ಇಂಥ ಡಬ್ಬಿಗಳನ್ನೇ ನೋಡಿಕೊಳ್ಳುತ್ತಿದ್ದಳು. ಈ ಮನೆಗೆ ಬಂದ ಮೇಲೆ ಅವಳಿಗೆ ಸಿಕ್ಕಿದ್ದು ಫೋನಿನ ಕುರ್ಚಿ. ಯಾಕೆಂದರೆ ಆಗ ಖಾಲಿಯಿದ್ದದ್ದು ಅದೊಂದೇ. ಗಂಡ ಕುಲುಮೆಯ ಮುಂದೆ ಕೂತು ಪಿಂಗಾಣಿ ಸುಡುತ್ತಿದ್ದ. ಅಲ್ಲಿಂದ ಎದ್ದರೆ ಹಲ್ಲು ಬಿರುಕು ಬಿಡುತ್ತದೆ ಎಂಬ ನೆಪದಲ್ಲಿ ಮನೆಯ ಯಾವ ಜಗಳಕ್ಕೂ ಏಳುತ್ತಿರಲಿಲ್ಲ. ಮೈದುನ ಪ್ಲಾಸ್ಟರ್ ಕಲಸಿ ಅಚ್ಚು ಹೊಯ್ಯುತ್ತಿದ್ದ. ಫೋನು ಬಡಿದರೆ ಸಾಕು, ಬಟ್ಟಲು ಎತ್ತಿಕೊಂಡು ಒಳಗೆ ಓಡುತ್ತಿದ್ದ. ತಪ್ಪಿರಲಿಲ್ಲ. ದಿನವಿಡೀ ಡಾಕ್ಟರುಗಳು ಫೋನು ಮಾಡಿ ಕಿರುಚುತ್ತಿದ್ದರು. ಅವರಲ್ಲೊಬ್ಬರಿಗೆ ಮನೆಯವರೆಲ್ಲ ಸೇರಿ ಗುಡುಗು ಡಾಕ್ಟರು ಎಂದು ಹೆಸರಿಟ್ಟಿದ್ದರು. ಅವರ ಫೋನು ಬಂದಾಗ ಸೊಸೆ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದಳು. ಆಗಲೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

ಹಲ್ಲಿನ ನಕ್ಷೆ ಬಿಡಿಸುವ ಹಳೆಯ ಪ್ರೋಗ್ರಾಂ ಮುದಿಯಾಗಿತ್ತು. ಹೊಸದನ್ನು ಮಾರುವವನು ಶನಿವಾರದವರೆಗೆ ಪರೀಕ್ಷೆಗೆಂದು ಒಂದು ಪ್ರತಿ ಕೊಟ್ಟಿದ್ದ. ಹಳೆಯದರ ಜೊತೆ ಬೆರೆಸಬೇಡಿ, ಡಿಸ್ಕಿನಲ್ಲಿ ಬೇರೆಯೇ ಒಂದು ಭಾಗ ಮಾಡಿಕೊಂಡು ಅಲ್ಲಿ ಇನ್ನೂರು ಹಳೆಯ ಕೇಸು ಓಡಿಸಿ ನೋಡಿ, ಎಂದಿದ್ದ. ಸೊಸೆ ಈ ಅವಕಾಶವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪರೀಕ್ಷೆಯನ್ನು ತಾನೇ ಮಾಡಿ ಮುಗಿಸಿದರೆ ಇನ್ನು ಮುಂದೆ ನಕ್ಷೆಯ ಕೆಲಸವೂ ಡಬ್ಬಿಯೂ ತನ್ನವು, ಫೋನು ಮೈದುನನದು, ಎಂದು ಅತ್ತೆಯ ಬಾಯಿಂದ ಹೇಳಿಸಿದಳು.

ಅತ್ತೆ ಹೇಳಿದರು. ಆದರೆ ಬಾಲ ಸೇರಿಸಿದರು. "ಜಾಗ ಒಂದೇ ಸಲ ಕೊಡ್ತೀನಿ. ಎರಡನೇ ಸಲ ಕೇಳಿದ್ಯೋ, ಫೋನು ಖಾಯಂ ನಿನ್ನದೇ. ನಮ್ಮ ಕಸುಬಲ್ಲಿ ಎರಡನೇ ಸಲ ಬಾಯಿ ತೆಗೆಸೋದು ಅಂದ್ರೆ ಅವಮಾನ ಕಣಮ್ಮ. ಅಚ್ಚು ಒಂದೇ ಸಲಕ್ಕೆ ಬರಬೇಕು."

"ಬರುತ್ತೆ ಅತ್ತೆ," ಎಂದಳು ಸೊಸೆ. ಕೆಳಗೆ ಪ್ಲಾಸ್ಟರ್ ಕಲಸುತ್ತಿದ್ದ ಮೈದುನನ ಬಟ್ಟಲು ಸದ್ದು ನಿಲ್ಲಿಸಿತು.

ಲೆಕ್ಕ ಸುಲಭವೆಂದೇ ಅವಳಿಗೆ ಅನ್ನಿಸಿತು. ಪ್ರೋಗ್ರಾಂ ಕೂರಲು ಆರು ಜಿಬಿ. ಇನ್ನೂರು ಕೇಸು. ಪ್ರೋಗ್ರಾಂ ಪ್ರತಿ ಕೇಸನ್ನೂ ಮೂರು ಕಡೆ ಇಡುತ್ತದೆ: ಬಂದ ಸ್ಕ್ಯಾನ್ ಒಂದು, ಬಿಡಿಸಿದ ನಕ್ಷೆ ಒಂದು, ಕೆಟ್ಟರೆ ಇರಲಿ ಎಂದು ಇನ್ನೊಂದು. ಹಾಗಾಗಿ ಒಂದು ಬಾಯಿ ಎಷ್ಟು ಜಾಗ ತಿನ್ನುತ್ತದೆ ಎಂದು ಗೊತ್ತಾದರೆ ಸಾಕು, ಉಳಿದದ್ದು ಗುಣಾಕಾರ.

"ಒಂದು ಬಾಯಿ ಎಷ್ಟಿರುತ್ತೆ ಅಂತ ನೋಡೋಕೆ ನಾಲ್ಕು ಕೇಸು ತೆಗೀತೀನಿ ಅತ್ತೆ," ಎಂದಳು.

"ಪರೀಕ್ಷೆಗೆ ಜಾಗ ಆಗೋವರೆಗೂ ಗಿರಾಕಿಗಳ ಬಾಯಿ ಮುಟ್ಟಬೇಡ. ಮನೆಬಾಯಿ ಇಲ್ವಾ?"

ಮನೆಬಾಯಿ ಎನ್ನುವುದು ಆ ಮನೆಯ ಪದ್ಧತಿ. ಹೊಸ ಪುಡಿ, ಹೊಸ ಮೇಣ, ಹೊಸ ಯಂತ್ರ ಏನೇ ಬಂದರೂ ಮೊದಲ ಪ್ರಯೋಗ ಮನೆಯವರ ಬಾಯಿಯ ಮೇಲೆ. ಅದಕ್ಕೆಂದೇ ಗೋಡೆಯ ಹಲಗೆಯ ಮೇಲೆ ಏಳು ಜನರ ದವಡೆಗಳು ಪ್ಲಾಸ್ಟರಿನಲ್ಲಿ ಸಾಲಾಗಿ ಕೂತಿದ್ದವು. ಕೆಳಗೆ ಯಾರ ಹೆಸರೂ ಇಲ್ಲ. ಯಾರ ಬಾಯಿ ಯಾರದೆಂದು ಮನೆಯವರಿಗೆ ನೋಡಿದರೇ ಗೊತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯನ್ನೂ ಕುರ್ಚಿಯಲ್ಲಿ ಕೂರಿಸಿ, ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ತುರುಕಿ, "ಈಗ ನೀನು ನಮ್ಮೋಳಾದೆ" ಎಂದಿದ್ದರು ಅತ್ತೆ. ಉತ್ತರ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅವಳು ಏಳೂ ದವಡೆಗಳನ್ನು ಇಳಿಸಿ, ಧೂಳು ಒರೆಸಿ, ಒಂದೊಂದಾಗಿ ಸ್ಕ್ಯಾನ್ ಮಾಡಿದಳು. ಏಳರ ಮೊತ್ತ ಇನ್ನೂರ ಎಂಬತ್ತು ಎಂಬಿ. ಸರಾಸರಿ ನಲವತ್ತು. ಇನ್ನೂರು ಬಾಯಿಗೆ ಎಂಟು ಸಾವಿರ, ಅಂದರೆ ಎಂಟು ಜಿಬಿ. ಮೂರು ಪಟ್ಟು ಇಪ್ಪತ್ತನಾಲ್ಕು. ಪ್ರೋಗ್ರಾಂ ಸೇರಿದರೆ ಮೂವತ್ತು. ಹೆಚ್ಚುಕಮ್ಮಿಯಾದರೆ ಇರಲಿ ಎಂದು ಇನ್ನೊಂದು ಹತ್ತು. ನಲವತ್ತು ಜಿಬಿ. ಇದೇ ಆ ಪಾಲು.

"ಇಷ್ಟೇನಾ?" ಎಂದರು ಅತ್ತೆ, ಅವಳು ಮಹಡಿಗೆ ಬಂದು ಹೇಳಿದಾಗ. "ನಾನು ನೂರು ಕೇಳ್ತೀಯ ಅಂದ್ಕೊಂಡಿದ್ದೆ."

"ಲೆಕ್ಕ ಹಾಕಿ ಕೇಳೋರು ಜಾಸ್ತಿ ಕೇಳಲ್ಲ ಅತ್ತೆ."

ಈ ಮಾತನ್ನು ಅವಳು ಆಡಬಾರದಿತ್ತು. ಅತ್ತೆ ಅದನ್ನು ಕೇಳಿಸಿಕೊಂಡು, ಮೆಚ್ಚಿಕೊಂಡು, ನೆನಪಿನಲ್ಲಿಟ್ಟುಕೊಂಡರು. ಕೆಳಗಿಳಿದು ಬಂದು, ಎಡಗೈ ಅಡ್ಡ ಹಿಡಿದು, ನಲವತ್ತು ಜಿಬಿ ಬಿಡಿಸಿಕೊಟ್ಟರು.

ಮೊದಲ ದಿನ ಪರೀಕ್ಷೆ ಹೂವಿನ ಹಾಗೆ ಓಡಿತು. ಫೋನುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಸೊಸೆ ಐದೈದು ಕೇಸು ತುಂಬುತ್ತಿದ್ದಳು. ಹೊಸ ಪ್ರೋಗ್ರಾಂ ಹಳೆಯದಕ್ಕಿಂತ ಬೇಗ ನಕ್ಷೆ ಬಿಡಿಸುತ್ತಿತ್ತು. ಗಂಡ ಒಮ್ಮೆ ಕುಲುಮೆ ಬಿಟ್ಟು ಬಂದು ನೋಡಿ, "ಚೆನ್ನಾಗಿದೆ" ಎಂದು ವಾಪಸು ಹೋದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಮೈದುನ ಮಾತ್ರ ಆಗಾಗ ಬಂದು ಫೋನಿನ ಕುರ್ಚಿಯನ್ನು ಹೆಣ ನೋಡುವವನ ಹಾಗೆ ನೋಡಿ ಹೋಗುತ್ತಿದ್ದ.

"ಕೂತು ನೋಡೋ, ಮೆತ್ತಗಿದೆ," ಎಂದಳು ಸೊಸೆ.

"ಅತ್ತಿಗೆ, ನಿಮಗೆ ನಾನು ಏನು ಕೆಟ್ಟದ್ದು ಮಾಡಿದ್ದೀನಿ?"

"ಏನೂ ಇಲ್ಲ. ನಿನ್ನ ದನಿ ಚೆನ್ನಾಗಿದೆ ಅಂತ ಅಷ್ಟೇ. ಗುಡುಗು ಡಾಕ್ಟರಿಗೆ ನಿನ್ನಂಥೋರು ಬೇಕು."

ಮಾರನೆಯ ದಿನ ಎಂಬತ್ತೇಳನೆಯ ಬಾಯಿಯಾದ ಮೇಲೆ ಪ್ರೋಗ್ರಾಂ ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದೇ ಸಾಲು: ಜಾಗ ಇಲ್ಲ.

ಸೊಸೆಗೆ ಮೊದಲು ನಂಬಿಕೆಯೇ ಬರಲಿಲ್ಲ. ಅರ್ಧ ದಾರಿಯೂ ಸವೆದಿರಲಿಲ್ಲ. ಪ್ರೋಗ್ರಾಂ ಕದ್ದು ಇನ್ನೆಲ್ಲೋ ಏನೋ ಬರೆಯುತ್ತಿರಬೇಕು ಎಂದು ಮೂಲೆಮೂಲೆ ಹುಡುಕಿದಳು. ಏನೂ ಸಿಗಲಿಲ್ಲ. ಆಮೇಲೆ ಒಂದು ಕೇಸನ್ನು ಬಿಡಿಸಿ ಅದರ ಗಾತ್ರ ನೋಡಿದಳು. ನೂರ ನಲವತ್ತು ಎಂಬಿ. ಇನ್ನೊಂದು, ನೂರ ಮೂವತ್ತು. ಮತ್ತೊಂದು, ನೂರ ಇಪ್ಪತ್ತು. ನಲವತ್ತರ ಬಾಯಿ ಎಲ್ಲೂ ಇಲ್ಲ.

ಅವಳು ತಲೆಯೆತ್ತಿ ಹಲಗೆಯ ಮೇಲಿನ ಏಳು ದವಡೆಗಳನ್ನು ನೋಡಿದಳು. ಮಾವ: ಒಂದು ಹಲ್ಲೂ ಇಲ್ಲ. ಮಾವನ ಅಕ್ಕ: ಒಂದೂ ಇಲ್ಲ. ಮಾವನ ತಮ್ಮ: ಮೂರು, ಅದರಲ್ಲಿ ಒಂದು ಅಲುಗುತ್ತದೆ. ಅತ್ತೆ: ಕೆಳಸಾಲು ಮಾತ್ರ. ಇನ್ನುಳಿದ ಮೂವರದು ನೀಟಾದ, ನುಣುಪಾದ, ಯಾವ ರೋಗವೂ ಇಲ್ಲದ ಬಾಯಿ. ಬರೀ ವಸಡು ಎಂದರೆ ಸ್ಕ್ಯಾನರಿಗೆ ಬೋಳು ಗುಡ್ಡ, ಬರೆಯಲು ಹೆಚ್ಚೇನಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗುವವರ ಬಾಯಿ ಹಾಗಿರುವುದಿಲ್ಲ. ಮುರುಕು, ಹುಳುಕು, ಕೊರೆದದ್ದು, ಊದಿದ್ದು, ಒಂದರ ಮೇಲೊಂದು ಹತ್ತಿದ್ದು. ಪ್ರತಿ ಮುರುಕಿಗೂ ಸ್ಕ್ಯಾನರ್ ಸಾವಿರ ಚುಕ್ಕೆ ಇಡುತ್ತದೆ. ಊರಿಗೆಲ್ಲ ಹಲ್ಲು ಮಾಡಿಕೊಡುವ ಮನೆಯಲ್ಲಿ ಬಾಯಿಯ ಸರಾಸರಿ ತೆಗೆದರೆ ಬೊಚ್ಚುಬಾಯಿಯದೇ ಮೇಲುಗೈ ಎಂದು ಅವಳಿಗೆ ಹೊಳೆದಿರಲಿಲ್ಲ.

ಈಗ ಮಹಡಿ ಹತ್ತಿ ಜಾಗ ಕೇಳಬೇಕು. ಕೇಳಿದರೆ ಫೋನು ಖಾಯಂ.

ಅವಳು ಹತ್ತಲಿಲ್ಲ. ಕೂತು ಇನ್ನೊಂದು ದಾರಿ ಹುಡುಕಿದಳು. ದಾರಿ ಸಿಕ್ಕಿತು, ಮತ್ತು ಅದು ತುಂಬಾ ಚೆನ್ನಾಗಿಯೂ ಇತ್ತು. ತುಂಬಿದ್ದನ್ನೆಲ್ಲ ಪರೀಕ್ಷೆಯ ಭಾಗದಿಂದ ಅಳಿಸಿ, ಹಳೆಯ ಕೇಸುಗಳಲ್ಲಿ ಪೂರ್ತಿ ಸೆಟ್ಟಿನವನ್ನಷ್ಟೇ ಹೆಕ್ಕಿದಳು. ಎಲ್ಲ ಹಲ್ಲಿಲ್ಲದವು. ಒಂದೊಂದು ಹತ್ತು ಎಂಬಿ. ಇನ್ನೂರೂ ನಲವತ್ತು ಜಿಬಿಯೊಳಗೆ ಆರಾಮಾಗಿ ಕಾಲು ಚಾಚಿ ಮಲಗುತ್ತವೆ. ಇನ್ನೂರು ಕೇಸು ಎಂದರೆ ಇನ್ನೂರು ಕೇಸು. ಯಾವ ಇನ್ನೂರು ಎಂದು ಯಾರೂ ಹೇಳಿರಲಿಲ್ಲವಲ್ಲ.

ಸಂಜೆಗೆ ಮೈದುನ ಕೈಯ ಪ್ಲಾಸ್ಟರ್ ಒರೆಸುತ್ತ ಬಂದು ಹಿಂದೆ ನಿಂತ. ಪರದೆಯ ಮೇಲೆ ಒಂದಾದ ಮೇಲೊಂದು ಬಾಯಿ ತಿರುಗುತ್ತಿತ್ತು. ನಾಲ್ಕನ್ನು ಸುಮ್ಮನೆ ನೋಡಿದ. ಐದನೆಯದಕ್ಕೆ ಅವನ ಮುಖ ಅರಳಿತು.

"ಅತ್ತಿಗೆ, ಇದೇನು, ಎಲ್ಲಾ ಬೊಚ್ಚುಬಾಯಿ!"

"ಮೆಲ್ಲಗೆ ಮಾತಾಡು."

"ಜಾಗ ಮುಗೀತಾ?"

ಅವಳು ಪರದೆಯನ್ನು ಅವನಿಗೆ ಕಾಣದಂತೆ ಓರೆ ಮಾಡಿದಳು. ಅವನು ಫೋನಿನ ಕುರ್ಚಿಯಲ್ಲಿ ತಾನಾಗಿಯೇ ಕೂತ. ಮೊದಲ ಸಲ ಅದು ಅವನಿಗೆ ಮೆತ್ತಗೆ ಅನ್ನಿಸಿರಬೇಕು.

"ನಾನು ಚಾಡಿ ಹೇಳೋನಲ್ಲ," ಎಂದ. "ಅಮ್ಮನಿಗೆ ಹೇಳಲ್ಲ. ನೀವು ಗೆದ್ದಿರಿ ಅಂತಲೇ ಇಟ್ಕೊಳ್ಳಿ. ಸೋಮವಾರದಿಂದ ಈ ಕುರ್ಚಿ ನಂದು. ಆಯ್ತಾ? ಆಮೇಲೆ ಒಂದಿನ ಈ ಹೊಸ ಪ್ರೋಗ್ರಾಂ ಹಲ್ಲಿರೋ ಬಾಯಿಗೆ ಬ್ರಿಡ್ಜು ಬಿಡಿಸುತ್ತೆ. ಅದು ಸೊಟ್ಟ ಬರುತ್ತೆ. ಬರದೇ ಇರಬಹುದು. ಬಂತು ಅಂತಿಟ್ಕೊಳ್ಳಿ. ಗುಡುಗು ಡಾಕ್ಟರು ಫೋನು ಮಾಡ್ತಾರೆ. ನಾನು ಎತ್ತುತೀನಿ. ಎತ್ತಿ ಏನಂತೀನಿ ಗೊತ್ತಾ?"

"ಏನಂತೀಯ?"

"'ಸಾರ್, ಒಂದ್ನಿಮಿಷ, ಪರೀಕ್ಷೆ ಮಾಡಿದೋರು ಇಲ್ಲೇ ಪಕ್ಕದಲ್ಲಿದ್ದಾರೆ, ಕೊಡ್ತೀನಿ' ಅಂತೀನಿ."

ಸೊಸೆ ಅವನ ಮುಖ ನೋಡಿದಳು. ತಮಾಷೆಗೆ ಹೇಳುತ್ತಿದ್ದ, ಆದರೆ ಖಂಡಿತ ಹಾಗೇ ಮಾಡುತ್ತಿದ್ದ. ಸತ್ಯ, ಧರ್ಮ ಇತ್ಯಾದಿಗಳನ್ನು ಅವಳು ಆ ಹೊತ್ತಿನಲ್ಲಿ ಯೋಚಿಸಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಯೋಚಿಸಿದ್ದು ರಿಸೀವರಿನಿಂದ ಬರುವ ಆ ದನಿಯನ್ನು. ಕುರ್ಚಿ ಬದಲಾದರೂ ಬೈಗುಳ ತನ್ನನ್ನೇ ಹುಡುಕಿಕೊಂಡು ಬರುವುದಾದರೆ ಇಷ್ಟೆಲ್ಲ ಹೆಣಗಾಡಿ ಏನು ಬಂತು?

"ನಿನಗೆ ಇಷ್ಟು ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ," ಎಂದು ಎದ್ದಳು.

"ಭಯ ಅತ್ತಿಗೆ, ಬುದ್ಧಿ ಅಲ್ಲ."

ಮಹಡಿಯಲ್ಲಿ ಅತ್ತೆ ದೀಪದ ಕೆಳಗೆ ಮೇಣ ಕರಗಿಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಮಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಕಳಚಿ ಬೀಳುವ ಮುಂಚೆ ಬಾಯಿಗೆ ಸೇರಿಸುವ ಕೆಲಸದಲ್ಲಿದ್ದರು.

"ಅತ್ತೆ, ಜಾಗ ಸಾಲಲಿಲ್ಲ."

"ನಲವತ್ತು ಅಂದೆ."

"ಅಂದೆ."

"ಲೆಕ್ಕ ಹಾಕಿ ಕೇಳೋರು ಜಾಸ್ತಿ ಕೇಳಲ್ಲ ಅಂತಾನೂ ಅಂದೆ."

"ಅದನ್ನೂ ಅಂದೆ."

"ಹಾಗಾದ್ರೆ ಎರಡನೇ ಸಲ ಬಾಯಿ ತೆಗೆಸೋಕೆ ಬಂದಿದ್ದೀಯ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹಬೆಯಾಡುವ ಊಟಕ್ಕೆ ಕೂತವರ ನೆಮ್ಮದಿಯಿತ್ತು.

"ತೆಗೆಸೋಕೇ ಬಂದಿದ್ದೀನಿ. ಆದ್ರೆ ಮೊದಲನೇ ಸಲ ತೆಗೆಸಿದ್ದು ಯಾರ ಬಾಯಿ ಅಂತ ಸ್ವಲ್ಪ ನೋಡಿ." ಸೊಸೆ ಅಲ್ಲೇ ಇದ್ದ ಕಂಪ್ಯೂಟರಿನಲ್ಲಿ ಏಳು ಮನೆಬಾಯಿಗಳನ್ನು ತೆರೆದಳು. "ಇದು ಚಿಕ್ಕಮಾವ, ಹದಿನಾರು. ಇದು ದೊಡ್ಡತ್ತೆ, ಹತ್ತು. ಇದು ಮಾವ, ಒಂಬತ್ತು."

"ಒಂಬತ್ತು ಏನು?" ಎಂದರು ಮಾವ.

"ಎಂಬಿ, ಮಾವ. ನಿಮ್ಮ ಬಾಯಿ ಹಿಡಿಸೋ ಜಾಗ. ಮನೇಲಿ ಎಲ್ಲರಿಗಿಂತ ಚಿಕ್ಕ ಬಾಯಿ ನಿಮ್ಮದೇ."

ಮಾವ ಚಹಾ ಲೋಟ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಮದುವೆ ಆದಾಗಿಂದ ನನ್ನ ಬಾಯಿ ದೊಡ್ಡದು ಅಂತಿದ್ದೀಯಲ್ಲ. ಯಂತ್ರ ಏನು ಹೇಳ್ತಿದೆ ನೋಡು."

"ನೀವು ಸುಮ್ನಿರಿ. ಮೂರು ಸೆಟ್ಟು ಮಾಡಿಕೊಟ್ಟೆ, ಒಂದನ್ನಾದ್ರೂ ಹಾಕ್ಕೊಂಡ್ರಾ?"

"ಒತ್ತುತ್ತೆ ಕಣೇ."

"ಊರಲ್ಲಿ ಯಾರಿಗೂ ಒತ್ತಲ್ಲ, ನಿಮಗೊಬ್ಬರಿಗೇ ಒತ್ತುತ್ತೆ."

ಇದು ಬೇರೆ ದಾರಿ ಹಿಡಿಯುತ್ತಿದೆ ಎಂದು ಸೊಸೆ ಒಬ್ಬ ಗಿರಾಕಿಯ ಬಾಯಿಯನ್ನು ಮಾವನದರ ಪಕ್ಕದಲ್ಲಿ ತೆರೆದಳು. ನೂರ ಮೂವತ್ತು. ಅತ್ತೆ ಮೇಣದ ಚಾಕು ಕೆಳಗಿಟ್ಟು ಬಗ್ಗಿ ನೋಡಿದರು. ಒಂದು ಕಡೆ ನುಣ್ಣನೆಯ ವಸಡು. ಇನ್ನೊಂದು ಕಡೆ ಬೆಂಕಿ ಬಿದ್ದ ಬೀದಿಯಂಥ ಹಲ್ಲುಸಾಲು.

"ಅಂದಾಜು ಹಾಕಿದ್ದು ನೀನು," ಎಂದರು ಅತ್ತೆ.

"ಬಾಯಿ ಕೊಟ್ಟಿದ್ದು ನೀವು."

"ಆವಾಗಲೇ ಯಾಕೆ ಹೇಳಲಿಲ್ಲ?"

"ಗೊತ್ತಾಗಲಿಲ್ಲ ಅತ್ತೆ. ನಿಮ್ಮ ಥರಾನೇ ನಾನೂ ಬಾಯಿ ಅಂದ್ರೆ ಬಾಯಿ ಅಂದ್ಕೊಂಡೆ."

"ಈಗ ಎಷ್ಟು ಬೇಕು?"

"ನೂರ ಹತ್ತು."

"ಯಾರ ಬಾಯಿ ನೋಡಿ ಹೇಳ್ತಿದ್ದೀಯ?"

"ಗುಡುಗು ಡಾಕ್ಟರ ರೋಗಿಗಳದ್ದೂ ಸೇರಿಸಿದ್ದೀನಿ. ಅವರದೇ ಎಲ್ಲಕ್ಕಿಂತ ಭಾರ."

ಅತ್ತೆ ಎದ್ದು ಕೆಳಗಿಳಿದರು. ಸೊಸೆ ಹಿಂದೆ ಹೋದಳು. ಎಡಗೈ ಅಡ್ಡ, ಬಲಗೈ ಬೆರಳು. ನೂರ ಹತ್ತು ಆಯಿತು. ಉಳಿದದ್ದನ್ನು ನೋಡಿ ಅತ್ತೆ ಸಣ್ಣಗೆ ನಿಟ್ಟುಸಿರಿಟ್ಟರು. ಮುಂದಿನ ವರ್ಷದ ಬಾಯಿಗಳನ್ನು ಎಲ್ಲಿ ಇಡುವುದೋ ಎಂಬ ಚಿಂತೆ. ಆಮೇಲೆ ಮಾಮೂಲಿನ ದನಿಯಲ್ಲಿ, "ಪರೀಕ್ಷೆ ಮುಗಿಸು. ಫೋನು ಮಾತ್ರ ನಿನ್ನದೇ. ಮಾತು ಅಂದ್ರೆ ಮಾತು," ಎಂದರು.

ಪ್ಲಾಸ್ಟರಿನ ಕೋಣೆಯಿಂದ ಒಂದು ಸಿಳ್ಳೆ ಕೇಳಿಸಿತು.

"ಅತ್ತೆ, ಒಂದು ಕೇಳ್ತೀನಿ," ಎಂದಳು ಸೊಸೆ. "ಡಾಕ್ಟರು ತೆಗೆದ ಅಚ್ಚೂ ಕೆಟ್ಟಿತ್ತು, ನಾವು ಹೊಯ್ದ ಪ್ಲಾಸ್ಟರೂ ಕೆಟ್ಟಿತ್ತು ಅಂದ್ರೆ ಹಲ್ಲು ಮತ್ತೆ ಮಾಡೋ ಭಾರ ಯಾರದ್ದು?"

"ಅರ್ಧ ಅವರದ್ದು, ಅರ್ಧ ನಮ್ಮದು. ಮೊದಲಿಂದ ಹಾಗೇ."

"ಯಾರು ಮಾಡಿದ ನಿಯಮ ಅದು?"

ಆ ನಿಯಮ ಮಾಡಿದ್ದು ಅತ್ತೆಯೇ. ಎಷ್ಟೋ ಡಾಕ್ಟರುಗಳ ಬಾಯಿ ಮುಚ್ಚಿಸಿದ ನಿಯಮ ಅದು. ಈಗ ಸ್ವಂತ ಮನೆಯಲ್ಲಿ, ಸ್ವಂತ ಸೊಸೆಯ ಕೈಯಲ್ಲಿತ್ತು.

"ನಾನು ಬೆಳಗ್ಗೆ ಫೋನು ನೋಡ್ಕೊಳ್ತೀನಿ," ಎಂದಳು ಸೊಸೆ ಅತಿ ವಿನಯದಿಂದ. "ಮಧ್ಯಾಹ್ನದ ಮೇಲೆ ನೀವು."

ಸಿಳ್ಳೆ ನಿಂತಿತು. ಮಹಡಿಯಿಂದ ಮಾವ ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಎಲ್ಲರಿಗೂ ತಿಳಿಯಿತು.

"ಬಾಯಿ ಜೋರಾಯ್ತು ನಿನ್ನದು," ಎಂದರು ಅತ್ತೆ.

"ಎಪ್ಪತ್ತೈದು ಎಂಬಿ ಅತ್ತೆ. ಮನೇಲಿ ಎಲ್ಲರಿಗಿಂತ ದೊಡ್ಡದು."

ಶನಿವಾರದೊಳಗೆ ಇನ್ನೂರೂ ಮುಗಿದವು. ಈ ಸಲ ಎಲ್ಲ ಬಗೆಯವೂ ಇದ್ದವು. ಮೂರು ಬ್ರಿಡ್ಜುಗಳನ್ನು ಹೊಸ ಪ್ರೋಗ್ರಾಂ ನಿಜಕ್ಕೂ ಸೊಟ್ಟ ಬಿಡಿಸಿತು. ಮಾರುವವನನ್ನು ಕರೆಸಿ ಸರಿ ಮಾಡಿಸಿದರು. ಮಧ್ಯಾಹ್ನಗಳಲ್ಲಿ ಅತ್ತೆಯ ಮೇಣದ ಮುಂದೆ ಮೈದುನ ಕೂರುವಂತಾಯಿತು. ಅವನು ಕೂರಿಸಿದ ಮೊದಲ ಹಲ್ಲುಸಾಲನ್ನು ನೋಡಿ ಅಣ್ಣ ಕುಲುಮೆಯ ಮುಂದಿನಿಂದ ಎದ್ದೇ ಬಂದು, "ಇದು ನಗುತ್ತಾ ಇದೆಯಾ, ಅಳುತ್ತಾ ಇದೆಯಾ?" ಎಂದು ಕೇಳಿದ.

ಸೋಮವಾರ ಮಧ್ಯಾಹ್ನ ಅತ್ತೆ ಫೋನಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಫೋನು ಬಡಿದುಕೊಂಡಿತು. ಸೊಸೆ ತನ್ನ ಪರದೆಯ ಮುಂದಿನಿಂದಲೇ ಕಿವಿ ನಿಮಿರಿಸಿದಳು. ಆ ಕಡೆಯ ಗುಡುಗು ಕೋಣೆಯ ಇನ್ನೊಂದು ಮೂಲೆಗೂ ಕೇಳಿಸಿತು. ಅತ್ತೆ ರಿಸೀವರನ್ನು ದೂರ ಹಿಡಿಯಲಿಲ್ಲ.

"ಮುಗೀತಾ?" ಎಂದರು. "ಈಗ ನಿಧಾನಕ್ಕೆ ಹೇಳು. ನೀನು ಕಾಲೇಜಲ್ಲಿದ್ದಾಗ ಅಚ್ಚು ಹೊಯ್ಯೋದು ಕಲಿಯೋಕೆ ಇಲ್ಲೇ ಬರ್ತಿದ್ದೆ. ಆವಾಗ ಎಷ್ಟು ಮೆತ್ತಗಿದ್ದೆ."

ಆ ಕಡೆಯಿಂದ ಬಂದದ್ದು ಯಾರೋ ಬೇರೆಯವರದೇ ಅನ್ನಿಸುವಷ್ಟು ಸಣ್ಣ ದನಿ.

ಅತ್ತೆ ರಿಸೀವರಿಗೆ ಅಂಗೈ ಮುಚ್ಚಿ ಸೊಸೆಯ ಕಡೆ ತಿರುಗಿದರು. ಅವರ ಮುಖ ಹತ್ತು ವರ್ಷ ಎಳೆಯದಾದಂತಿತ್ತು. "ಬ್ರಿಡ್ಜು ಯಾವಾಗ ಅಂತ ಕೇಳ್ತಿದ್ದಾನೆ. ನಾಳೆ ಅನ್ಲಾ?"

ಸೊಸೆ ಪರದೆ ನೋಡಿದಳು. ಬಾಯಿ ದೊಡ್ಡದೇ ಇತ್ತು. "ನಾಡಿದ್ದು ಅನ್ನಿ."

ಅತ್ತೆ ಅಂಗೈ ತೆಗೆದರು.

"ಆಚೆನಾಡಿದ್ದು," ಎಂದರು.